ವಿಳಿಂಜಂ ಕಡಲಂಚಿನಲ್ಲಿ ರೋಗಿಗಳ ಮನೆ ಹುಡುಕಿ ನಡೆದ ಸಂತ ಫ್ರಾನ್ಸಿಸ್ ಕ್ಸೇವಿಯರ್

ಕೇರಳದ ವಿಳಿಂಜಂ ಹೆಸರು ಕೇಳಿದರೆ ಈಗ ನೆನಪಾಗುವುದು ಬೃಹತ್ ಕ್ರೇನ್‌ಗಳು, ಬೆಟ್ಟದಂಥ ಕಂಟೇನರ್ ಹಡಗುಗಳು. 2025ರ ಮೇ 2ರಂದು ಪ್ರಧಾನಿ ನರೇಂದ್ರ ಮೋದಿ ಇಲ್ಲಿನ ಅಂತಾರಾಷ್ಟ್ರೀಯ ಬಂದರನ್ನು ಲೋಕಾರ್ಪಣೆ ಮಾಡಿದ ಮೇಲಂತೂ ತಿರುವನಂತಪುರದ ಪಕ್ಕದ ಈ ಊರು ಸುದ್ದಿಯಲ್ಲೇ ಇದೆ. ಆದರೆ ಬಂದರಿನ ಬೇಲಿಯಾಚೆ ಬಲೆ ಒಣಗಿಸುವ ಮರಳು, ದೋಣಿಗಳ ಸಾಲು, ಚರ್ಚು, ಮಸೀದಿ ಎಲ್ಲ ಹಾಗೆಯೇ ಇವೆ. ಇಲ್ಲಿಂದ ಕಡಲು ಹಿಡಿದು ದಕ್ಷಿಣಕ್ಕೆ ಹೊರಟರೆ ಪೂವಾರ್, ಕೊಳಚ್ಚಲ್ ದಾಟಿ ಕನ್ಯಾಕುಮಾರಿವರೆಗೂ ಒಂದರ ಹಿಂದೊಂದು ಮೀನುಗಾರರ ಊರುಗಳು. ಬಹುತೇಕ ಎಲ್ಲ ಕಡೆ ಶಿಲುಬೆ, ಮನೆಗೊಬ್ಬ ಕ್ಸೇವಿಯರ್ ಅನ್ನುವಷ್ಟು ಆ ಹೆಸರು.

ಯಾರು ಈ ಕ್ಸೇವಿಯರ್? ಕನ್ನಡಿಗರಿಗೆ ಅವರು ಹೆಚ್ಚಾಗಿ ಗೊತ್ತಿರುವುದು ಗೋವಾ ಪ್ರವಾಸದಿಂದ. ಹಳೇ ಗೋವಾದ ಬೋಮ್ ಜೀಸಸ್ ಬೆಸಿಲಿಕಾದಲ್ಲಿ ಬೆಳ್ಳಿ ಪೆಟ್ಟಿಗೆಯೊಳಗೆ ಇರಿಸಿರುವ ಆ ಪಾರ್ಥಿವ ಶರೀರವನ್ನು ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಇಡುತ್ತಾರೆ. ಕಳೆದ ಬಾರಿ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದ ದರ್ಶನಕ್ಕೆ ನಮ್ಮ ಕರಾವಳಿಯಿಂದಲೂ ಜನ ಹೋಗಿ ಬಂದರು. ಸತ್ತ ಮೇಲಿನ ದೇಹದ ಬಗ್ಗೆ ಇಷ್ಟು ಮಾತಾಡುವ ನಾವು, ಆ ಮನುಷ್ಯ ಬದುಕಿದ್ದಾಗ ಕಾಯಿಲೆ ಬಿದ್ದವರ ಪಕ್ಕದಲ್ಲಿ ಕಳೆದ ದಿನಗಳ ಬಗ್ಗೆ ಮಾತಾಡುವುದು ಕಡಿಮೆ.

ಕೋಟೆಯ ಹುಡುಗ, ಆಸ್ಪತ್ರೆಯ ಆಳು

1506ರ ಏಪ್ರಿಲ್ 7ರಂದು ಈಗಿನ ಸ್ಪೇನ್‌ನ ಉತ್ತರಕ್ಕಿರುವ ನವಾರ್ ರಾಜ್ಯದ ಕ್ಸೇವಿಯರ್ ಕೋಟೆಯಲ್ಲಿ ಹುಟ್ಟಿದ ಫ್ರಾನ್ಸಿಸ್ ಸಿರಿವಂತ ಮನೆತನದವರು. ಮನೆಮಾತು ಬಾಸ್ಕ್. ಆರು ವರ್ಷದವರಿದ್ದಾಗಲೇ ನವಾರ್ ಸ್ಪೇನ್ ಕೈವಶವಾಯಿತು, ಮುಂದಿನ ಕೆಲವು ವರ್ಷಗಳಲ್ಲಿ ತಂದೆ ತೀರಿಕೊಂಡರು, ಕೋಟೆಯ ಗೋಪುರಗಳನ್ನು ಕೆಡವಲಾಯಿತು. 1525ರಲ್ಲಿ ಓದಲು ಪ್ಯಾರಿಸ್‌ಗೆ ಹೋದರು. ದೊಡ್ಡ ಹುದ್ದೆ, ಒಳ್ಳೆಯ ಆದಾಯ ಇದ್ದರೆ ಸಾಕು ಎಂಬ ಲೆಕ್ಕಾಚಾರ ಅವರದ್ದು. ಅಲ್ಲಿ ಕೋಣೆ ಹಂಚಿಕೊಂಡ ಇಗ್ನೇಷಿಯಸ್ ಲೊಯೋಲಾ ಆ ಲೆಕ್ಕವನ್ನೆಲ್ಲ ಬುಡಮೇಲು ಮಾಡಿದರು. 1534ರ ಆಗಸ್ಟ್ 15ರಂದು ಮೊಂಮಾರ್ತ್ರ್ ಗುಡ್ಡದಲ್ಲಿ ಏಳು ಗೆಳೆಯರು ಬಡತನದ ವ್ರತ ತೊಟ್ಟರು. ಮುಂದೆ ಜೆಸ್ವಿಟ್ ಅಥವಾ ಯೇಸುಸಭೆ ಎಂದು ಹೆಸರಾದದ್ದು ಈ ಗುಂಪೇ.

1537ರಲ್ಲಿ ಈ ಗೆಳೆಯರು ವೆನಿಸ್‌ಗೆ ಬಂದರು. ಕ್ಸೇವಿಯರ್‌ಗೆ ಸಿಕ್ಕ ಕೆಲಸ ಗುಣವಾಗದ ರೋಗಿಗಳ ಆಸ್ಪತ್ರೆಯಲ್ಲಿ. ಹಾಸಿಗೆ ಹಾಸುವುದು, ಹುಣ್ಣು ತೊಳೆಯುವುದು, ಹೆಣಕ್ಕೆ ಗುಂಡಿ ತೋಡುವುದು. ಮೈತುಂಬ ಹುಣ್ಣಾಗಿದ್ದ ಒಬ್ಬ ರೋಗಿ ಬೆನ್ನು ಕೆರೆಯಲು ಕೇಳಿಕೊಂಡಾಗ ಕ್ಸೇವಿಯರ್‌ಗೆ ಹೇಸಿಗೆ ಉಕ್ಕಿ ಬಂತು. ಅದನ್ನು ಗೆಲ್ಲಲೇಬೇಕೆಂದು ಕೀವು ಹತ್ತಿದ ಬೆರಳನ್ನೇ ಬಾಯಿಗಿಟ್ಟುಕೊಂಡರು ಎಂದು ಜೊತೆಗಿದ್ದ ಸಿಮಾವ್ ರೊಡ್ರಿಗೆಸ್ ಬರೆದಿಟ್ಟಿದ್ದಾರೆ. ಆ ರೋಗ ಗಂಟಲಿಗೆ ಅಂಟಿಕೊಂಡಂತೆ ರಾತ್ರಿ ಕನಸು ಬಿದ್ದು ಬೆಚ್ಚಿಬಿದ್ದರಂತೆ. ಓದಿದರೆ ನಮಗೂ ಹೊಟ್ಟೆ ತೊಳಸುತ್ತದೆ. ಸೋಂಕಿನ ಬಗ್ಗೆ ಗೊತ್ತಿರುವ ಇವತ್ತಿನ ಕಾಲದಲ್ಲಿ ಇದನ್ನು ಯಾರೂ ಮೆಚ್ಚಲಾರರು. ಆದರೆ ಅವರು ಹುಟ್ಟಾ ಸೇವಾಮೂರ್ತಿಯಾಗಿರಲಿಲ್ಲ, ರೋಗಿಯ ಮೈ ಕಂಡರೆ ಅವರಿಗೂ ಅಸಹ್ಯವಾಗುತ್ತಿತ್ತು ಎಂಬುದು ಈ ಪ್ರಸಂಗದಿಂದಲೇ ತಿಳಿಯುವುದು. ಅದೇ ವರ್ಷ ಜೂನ್ 24ರಂದು ಅವರಿಗೆ ಗುರುದೀಕ್ಷೆ ಆಯಿತು.

ಪೋರ್ಚುಗಲ್ ರಾಜ ಮೂರನೇ ಜುವಾಂವ್ ಭಾರತಕ್ಕೆ ಪಾದ್ರಿಗಳನ್ನು ಕೇಳಿದ್ದ. ಬರಬೇಕಿದ್ದವರು ಬೇರೊಬ್ಬರು. ಅವರು ಕಾಯಿಲೆ ಬಿದ್ದದ್ದರಿಂದ ಕ್ಸೇವಿಯರ್ ಹೊರಟರು. 1541ರ ಏಪ್ರಿಲ್ 7ರಂದು, ತಮ್ಮ 35ನೇ ಹುಟ್ಟುಹಬ್ಬದ ದಿನವೇ, ಲಿಸ್ಬನ್‌ನಲ್ಲಿ ಹಡಗು ಹತ್ತಿದರು. ಪ್ರಯಾಣ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಹಡಗಿನ ತುಂಬ ರೋಗಿಗಳು. ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾಗಿ ಬಂದಾಗ ಹಲವರು ಸತ್ತರು, ಆರೈಕೆ ಮಾಡುತ್ತಿದ್ದ ಕ್ಸೇವಿಯರ್ ಸ್ವತಃ ಜ್ವರದಿಂದ ಮಲಗಿದರು. 1542ರ ಮೇ 6ರಂದು ಗೋವಾ ತಲುಪಿದ ಮೇಲೂ ಅವರು ಉಳಿದುಕೊಂಡದ್ದು ಆಸ್ಪತ್ರೆಯಲ್ಲೇ. ಭಾನುವಾರ ಊರಾಚೆಯ ಕುಷ್ಠರೋಗಿಗಳ ಬಳಿ ಹೋಗುತ್ತಿದ್ದರು.

ಮೂರು ದಿನದ ಹೆರಿಗೆ ನೋವು

ಗೋವಾದಿಂದ ಅವರನ್ನು ಕಳಿಸಿದ್ದು ಕನ್ಯಾಕುಮಾರಿಯ ಪೂರ್ವಕ್ಕಿರುವ ಮುತ್ತಿನ ತೀರಕ್ಕೆ, ಅಂದರೆ ಇವತ್ತಿನ ತೂತ್ತುಕುಡಿ ಕಡೆಗೆ. ಅಲ್ಲಿನ ಮೀನುಗಾರ ಪರವರು ಕೆಲವು ವರ್ಷಗಳ ಹಿಂದೆ ಪೋರ್ಚುಗೀಸರ ರಕ್ಷಣೆ ಬಯಸಿ ಕ್ರೈಸ್ತರಾಗಿದ್ದರು. ಹೆಸರಿಗೆ ಮಾತ್ರ ಕ್ರೈಸ್ತರು, ಹೇಳಿಕೊಡುವವರು ಇರಲಿಲ್ಲ.

1542ರ ಅಕ್ಟೋಬರ್ ಹೊತ್ತಿಗೆ ದಾರಿಯಲ್ಲಿ ಒಂದು ಹಳ್ಳಿ ಸಿಕ್ಕಿತು. ಅಲ್ಲಿ ಯಾರೂ ಕ್ರೈಸ್ತರಿರಲಿಲ್ಲ, ಊರಿನ ಒಡೆಯನಿಗೆ ಅದು ಇಷ್ಟವಿಲ್ಲ ಎಂದು ಜನ ಹೇಳಿದರು. ಒಂದು ಮನೆಯಲ್ಲಿ ಹೆಣ್ಣುಮಗಳೊಬ್ಬಳು ಮೂರು ದಿನದಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ಬದುಕುವ ಆಸೆಯನ್ನು ಎಲ್ಲರೂ ಬಿಟ್ಟಿದ್ದರು. ಕ್ಸೇವಿಯರ್ ಆ ಮನೆಗೆ ಹೋದರು. ಕೈಯಲ್ಲಿ ಔಷಧಿ ಇಲ್ಲ, ಬಾಯಲ್ಲಿ ಆ ಊರಿನ ಭಾಷೆ ಇಲ್ಲ. ಜೊತೆಗೆ ಬಂದಿದ್ದ, ಗೋವಾದಲ್ಲಿ ಓದುತ್ತಿದ್ದ ಸ್ಥಳೀಯ ಯುವಕನೊಬ್ಬ ದುಭಾಷಿಯಾದ. ಅವನ ಮೂಲಕ ತಮ್ಮ ನಂಬಿಕೆಯನ್ನು ಅವಳಿಗೆ ವಿವರಿಸಿದರು, ಇದನ್ನು ಒಪ್ಪುತ್ತೀಯಾ ಎಂದು ಕೇಳಿದರು. ಅವಳು ಒಪ್ಪಿದಳು. ಶುಭಸಂದೇಶದ ಒಂದು ಭಾಗ ಓದಿ ದೀಕ್ಷಾಸ್ನಾನ ಕೊಟ್ಟರು. ಸ್ವಲ್ಪ ಹೊತ್ತಿಗೆ ಹೆರಿಗೆಯಾಯಿತು, ತಾಯಿ ಮಗು ಇಬ್ಬರೂ ಉಳಿದರು. ಆಮೇಲೆ ಗಂಡ, ಮಕ್ಕಳು, ಹುಟ್ಟಿದ ಕೂಸು ಎಲ್ಲರೂ ಕ್ರೈಸ್ತರಾದರು. ಒಡೆಯನ ಪರವಾಗಿ ತೆರಿಗೆ ವಸೂಲಿಗೆ ಬಂದಿದ್ದ ಅಧಿಕಾರಿಯೂ ಒಪ್ಪಿಗೆ ಕೊಟ್ಟ ಮೇಲೆ ಊರಿನವರೂ ಅದೇ ದಾರಿ ಹಿಡಿದರು. ಇದನ್ನೆಲ್ಲ ಅವರೇ ಇಗ್ನೇಷಿಯಸ್‌ಗೆ ಪತ್ರ ಬರೆದು ತಿಳಿಸಿದ್ದಾರೆ.

ಇಲ್ಲಿ ಒಂದು ಪ್ರಶ್ನೆ ಏಳದೆ ಇರದು. ಸಾವಿನ ಬಾಗಿಲಲ್ಲಿರುವವಳು ಏನು ತಾನೇ ಬೇಡ ಅಂದಾಳು? ಇವತ್ತು ಯಾವುದಾದರೂ ಐಸಿಯು ಹೊರಗೆ ಹೀಗೆ ನಡೆದರೆ ಟಿವಿಯಲ್ಲಿ ಸಂಜೆವರೆಗೂ ಚರ್ಚೆ, ಠಾಣೆಯಲ್ಲಿ ದೂರು ಗ್ಯಾರಂಟಿ. ರೋಗಿಯ ಅಸಹಾಯಕತೆಯನ್ನು ಬಳಸಿಕೊಂಡರು ಎಂಬ ಆಕ್ಷೇಪದಲ್ಲಿ ತೂಕ ಇಲ್ಲ ಎಂದು ನಾನು ಹೇಳಲಾರೆ. ಆದರೆ ಕ್ಸೇವಿಯರ್ ಸೇವೆ ಮಾಡಿದ ವೆನಿಸ್‌ನ ರೋಗಿಗಳು, ಹಡಗಿನ ನಾವಿಕರು, ಗೋವಾದ ಆಸ್ಪತ್ರೆಯ ಸೈನಿಕರು ಮೊದಲೇ ಕ್ರೈಸ್ತರು. ಅವರ ಕೀವು ತೊಳೆದು ಯಾರನ್ನೂ ಹೊಸದಾಗಿ ಸೇರಿಸಿಕೊಳ್ಳುವುದಿರಲಿಲ್ಲ. ಹಾಗಾಗಿ ಆರೈಕೆ ಅವರಿಗೆ ಬರೀ ಗಾಳದ ಎರೆಯಾಗಿತ್ತು ಅನ್ನುವುದೂ ಸರಿಹೋಗದು. ದೇಹದ ನೋವಿನ ಹೊತ್ತಿನಲ್ಲಿ ಆತ್ಮದ ಮಾತು ಹೇಳದೆ ಬರುವುದೇ ಅವರ ಮಟ್ಟಿಗೆ ನಿರ್ದಯೆಯಾಗಿತ್ತು. ಎರಡನ್ನೂ ಬೇರೆ ಮಾಡಿ ನೋಡುವ ಕಣ್ಣು ಅವರಿಗಿರಲಿಲ್ಲ.

ಬೇಕು ಎಂದದ್ದು, ನಂಬುತ್ತೇನೆ ಎಂದದ್ದು

ತೂತ್ತುಕುಡಿಯಲ್ಲಿ ಎರಡೂ ಭಾಷೆ ಅಲ್ಪಸ್ವಲ್ಪ ಬಲ್ಲವರನ್ನು ಕೂರಿಸಿಕೊಂಡು ಪ್ರಾರ್ಥನೆಗಳನ್ನು ತಮಿಳಿಗೆ ತರಿಸಿದರು, ಬಾಯಿಪಾಠ ಮಾಡಿದರು. ಗಂಟೆ ಬಾರಿಸುತ್ತ ಬೀದಿಯಲ್ಲಿ ನಡೆದು ಮಕ್ಕಳನ್ನು ಸೇರಿಸಿದರು. ಆದರೆ ಕಾಯಿಲೆಯವರ ಮನೆಯಿಂದ ಕರೆ ಬರುವುದು ನಿಲ್ಲಲಿಲ್ಲ. ಒಬ್ಬರೇ ಎಷ್ಟು ಕಡೆ ಹೋದಾರು? ಹೋಗದಿದ್ದರೆ ಜನ ನೊಂದುಕೊಳ್ಳುತ್ತಾರೆ. ಆಗ ಅವರು ಆ ಮಕ್ಕಳನ್ನೇ ಕಳಿಸತೊಡಗಿದರು. ಕೈಯಲ್ಲಿ ಕ್ಸೇವಿಯರ್ ಅವರ ಜಪಸರ ಅಥವಾ ಶಿಲುಬೆ ಹಿಡಿದು ಹುಡುಗರು ರೋಗಿಯ ಮನೆಗೆ ಹೋಗಿ, ಮನೆಯವರನ್ನೂ ನೆರೆಯವರನ್ನೂ ಕರೆದು ಕೂರಿಸಿ, ಪ್ರಾರ್ಥನೆ ಹೇಳಿಸುತ್ತಿದ್ದರು. ಹಲವರು ಗುಣವಾದರು ಎಂದು ಕ್ಸೇವಿಯರ್ ನಂಬಿದ್ದರು. ವೈದ್ಯರೇ ಇಲ್ಲದ ಊರಿನಲ್ಲಿ ಹಾಸಿಗೆ ಹಿಡಿದವರ ಸುತ್ತ ಇಡೀ ಕೇರಿ ಬಂದು ಕೂರುವುದೇ ಒಂದು ದೊಡ್ಡ ಸಮಾಧಾನ ಆಗಿದ್ದಿರಬೇಕು.

ತಮಾಷೆ ಏನೆಂದರೆ ಆ ಪ್ರಾರ್ಥನೆಯಲ್ಲೇ ತಪ್ಪಿತ್ತು. ದೇವರನ್ನು ನಂಬುತ್ತೇನೆ ಎನ್ನಬೇಕಾದ ಕಡೆ ಅನುವಾದಕರು ವೇಣುಂ ಎಂಬ ಪದ ಹಾಕಿದ್ದರು. ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮ ಬೇಕು ಅನ್ನುವುದರ ಅಣ್ಣತಮ್ಮನೇ ಅದು. ರೋಗಿಗಳು ಇಷ್ಟು ದಿನ ಹೇಳುತ್ತಿದ್ದದ್ದು ದೇವರು ಬೇಕು ಎಂದು! ತಪ್ಪು ಗೊತ್ತಾದಾಗ ಕ್ಸೇವಿಯರ್ ಸಹಾಯಕ ಫ್ರಾನ್ಸಿಸ್ಕೊ ಮಾನ್ಸಿಲ್ಯಾಸ್‌ಗೆ ಪತ್ರ ಬರೆದು, ಆ ಪದ ತೆಗೆದು ವಿಶ್ವಾಸ ಎಂಬರ್ಥದ ಪದ ಸೇರಿಸಲು ಸೂಚಿಸಿದರು. ಜ್ವರದಲ್ಲಿ ನರಳುವವರ ಬಾಯಲ್ಲಿ ಹಳೇ ಪದವೇ ಹೆಚ್ಚು ಸರಿಯಾಗಿ ಕೂರುತ್ತಿತ್ತೇನೋ ಎಂದು ನನಗಂತೂ ಅನಿಸುತ್ತದೆ.

1544ರ ಬೇಸಿಗೆಯಲ್ಲಿ ಇನ್ನೊಂದು ಸಂಕಟ ಬಂತು. ಕ್ಸೇವಿಯರ್ ಪತ್ರಗಳಲ್ಲಿ ಬಡಗರು ಎಂದು ಬರುವ ಸೈನಿಕರು ಕನ್ಯಾಕುಮಾರಿ ತೀರದ ಊರುಗಳ ಮೇಲೆ ಬಿದ್ದರು. ಯಕ್ಷಗಾನದ ಬಡಗುತಿಟ್ಟು ಗೊತ್ತಿರುವವರಿಗೆ ಬಡಗು ಎಂದರೆ ಉತ್ತರ ಎಂದು ಹೇಳಬೇಕಿಲ್ಲ. ಉತ್ತರದಿಂದ ಬಂದ ಆ ದಂಡು ವಿಜಯನಗರದ ಕಡೆಯದ್ದು. ನಮಗೆ ಹಂಪಿಯ ವೈಭವವಾಗಿ ಕಾಣುವ ಸಾಮ್ರಾಜ್ಯ, ಆ ಮೀನುಗಾರರಿಗೆ ಕಂಡದ್ದು ಹೀಗೆ. ಜನ ಓಡಿ ಸಮುದ್ರದ ನಡುವಿನ ಬಂಡೆಗಳನ್ನು ಹತ್ತಿದರು, ಅಲ್ಲಿ ಅನ್ನ ನೀರಿಲ್ಲದೆ ಸಾಯತೊಡಗಿದರು. ಕ್ಸೇವಿಯರ್ ಮಣಪ್ಪಾಡಿನಿಂದ 20 ದೋಣಿಗಳೊಂದಿಗೆ ಹೊರಟರು. ಎದುರುಗಾಳಿ ಮುಂದಕ್ಕೆ ಬಿಡಲಿಲ್ಲ. ಕೊನೆಗೆ ಕಾಲ್ನಡಿಗೆಯಲ್ಲೇ ಹೋಗಿ, ಅಳಿದುಳಿದವರಿಗೆ ಊಟ, ನೆಲೆ ಒದಗಿಸಲು ಓಡಾಡಿದರು.

ಅದೇ ವರ್ಷದ ನವೆಂಬರ್ ಡಿಸೆಂಬರ್‌ನಲ್ಲಿ ಅವರು ಪಶ್ಚಿಮ ತೀರಕ್ಕೆ, ವಿಳಿಂಜಂನ ದಕ್ಷಿಣಕ್ಕಿರುವ ಮುಕ್ಕುವರ ಊರುಗಳಿಗೆ ಬಂದರು. ವೇಣಾಡಿನ ರಾಜನ ಅನುಮತಿ ಇತ್ತು. ಒಂದೇ ತಿಂಗಳಲ್ಲಿ 10,000ಕ್ಕೂ ಹೆಚ್ಚು ಜನರಿಗೆ ದೀಕ್ಷಾಸ್ನಾನ ಕೊಟ್ಟದ್ದಾಗಿ 1545ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಪ್ರತಿಯೊಬ್ಬರಿಗೂ ಹೊಸ ಹೆಸರನ್ನು ಬರೆದು ಕೊಡುತ್ತಿದ್ದರು. ಈ ಊರುಗಳ ಜನ ಇಂದಿಗೂ ಅವರನ್ನು ತಮ್ಮವರೆಂದು ನೆನೆಯುವುದು ಆ ಒಂದು ತಿಂಗಳಿಗಾಗಿ.

ಅದೇ ಪತ್ರದಲ್ಲಿ, ದೀಕ್ಷೆ ಮುಗಿದ ಮೇಲೆ ಹಳೆಯ ದೇವರ ಗುಡಿಗಳನ್ನೂ ಮೂರ್ತಿಗಳನ್ನೂ ಕೆಡವಿಸುತ್ತಿದ್ದುದನ್ನೂ ಹೇಳಿದ್ದಾರೆ. 1546ರಲ್ಲಿ ಪೋರ್ಚುಗಲ್ ರಾಜನಿಗೆ ಬರೆದು ಭಾರತದಲ್ಲಿ ಇನ್‌ಕ್ವಿಸಿಷನ್ ಸ್ಥಾಪಿಸಲು ಕೇಳಿದವರೂ ಇವರೇ. ಅದು ಗೋವಾದಲ್ಲಿ ಶುರುವಾದದ್ದು 1560ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ. ಆದರೂ ಕೇಳಿದ್ದು ಕೇಳಿದ್ದೇ. ರೋಗಿಗಳ ಜೊತೆ ಮೆತ್ತಗಿದ್ದ ಮನುಷ್ಯ ಜೊತೆಯವರ ವಿಷಯದಲ್ಲೂ ಕಠಿಣ. ಹೇಳಿದ ಕಡೆ ಹೋಗಲಿಲ್ಲ ಎಂದು ಅದೇ ಮಾನ್ಸಿಲ್ಯಾಸ್‌ರನ್ನು ಸಭೆಯಿಂದಲೇ ಹೊರಹಾಕಿದರು.

ಮುಂದಿನದ್ದು ಮಲಾಕ್ಕಾ, ಮೊಲುಕ್ಕಾ ದ್ವೀಪಗಳು, 1549ರಲ್ಲಿ ಜಪಾನ್. ಅಂಬೋನ್ ದ್ವೀಪದಲ್ಲಿ ಸೋತು ಬಂದ ಸ್ಪೇನ್ ಹಡಗುಗಳ ರೋಗಿಗಳನ್ನು ನೋಡಿಕೊಂಡದ್ದು ಬಿಟ್ಟರೆ, ಆ ಕಥೆ ಬೇರೆಯದೇ.

ಶಾಂಗ್‌ಚುವಾನ್‌ನ ಗುಡಿಸಲು

1552ರಲ್ಲಿ ಚೀನಾ ಪ್ರವೇಶಿಸಲು ಹೊರಟು, ಅದರ ದಕ್ಷಿಣ ತೀರದ ಶಾಂಗ್‌ಚುವಾನ್ ದ್ವೀಪದಲ್ಲಿ ಕ್ಸೇವಿಯರ್ ಕಾದು ಕೂತರು. ದಡಕ್ಕೆ ಕದ್ದು ದಾಟಿಸುತ್ತೇನೆಂದು ಒಪ್ಪಿದ್ದ ವ್ಯಾಪಾರಿ ಬರಲೇ ಇಲ್ಲ. ನವೆಂಬರ್ ಮೂರನೇ ವಾರ ಜ್ವರ ಹತ್ತಿತು. ಹಡಗಿಗೆ ಕರೆದೊಯ್ದರೆ ಅಲೆಯ ಹೊಯ್ದಾಟ ತಡೆಯಲಾಗಲಿಲ್ಲ. ಮತ್ತೆ ದಡಕ್ಕೆ ತಂದು ಗುಡಿಸಲಲ್ಲಿ ಮಲಗಿಸಿದರು. ಆ ಕಾಲದ ಚಿಕಿತ್ಸೆಯಂತೆ ರಕ್ತ ತೆಗೆದರು, ಅವರು ಮೂರ್ಛೆ ಹೋದರು.

ಕೊನೆಯವರೆಗೂ ಪಕ್ಕದಲ್ಲಿ ಕೂತದ್ದು ಆಂಟೋನಿಯೊ ಎಂಬ ಚೀನೀ ಯುವಕ. ಗೋವಾದಲ್ಲಿ ಓದಿದ್ದವನು, ದುಭಾಷಿಯಾಗಲೆಂದು ಜೊತೆಗೆ ಬಂದವನು. ಜ್ವರ ನೆತ್ತಿಗೇರಿದಾಗ ಕ್ಸೇವಿಯರ್ ಯಾವುದೋ ಭಾಷೆಯಲ್ಲಿ ಮಾತಾಡುತ್ತಿದ್ದರು, ತನಗೆ ಅರ್ಥವಾಗಲಿಲ್ಲ ಎಂದು ಅವನು ಆಮೇಲೆ ಬರೆದಿದ್ದಾನೆ. ಅದು ಚಿಕ್ಕಂದಿನ ಬಾಸ್ಕ್ ಇದ್ದಿರಬಹುದು ಎಂದು ಜೀವನಚರಿತ್ರೆಕಾರರು ಊಹಿಸುತ್ತಾರೆ. ಡಿಸೆಂಬರ್ 3ರ ನಸುಕಿನಲ್ಲಿ ಉಸಿರು ಕ್ಷೀಣಿಸಿದ್ದನ್ನು ಕಂಡು ಆಂಟೋನಿಯೊ ಮೇಣದಬತ್ತಿ ಹಚ್ಚಿ ಅವರ ಕೈಗಿಟ್ಟ. ಆಗ ಕ್ಸೇವಿಯರ್‌ಗೆ 46 ವರ್ಷ.

ಚಳಿ ಜೋರಾಗಿತ್ತು. ಹೂಳಲು ಬಂದವರು ಬೆರಳೆಣಿಕೆಯಷ್ಟು ಜನ. ದೇಹ ಬೇಗ ಕರಗಲಿ, ಮುಂದೆ ಮೂಳೆಗಳನ್ನಾದರೂ ಭಾರತಕ್ಕೆ ಒಯ್ಯಬಹುದು ಎಂದು ಪೆಟ್ಟಿಗೆಯೊಳಗೆ ಸುಣ್ಣ ತುಂಬಿ ಮುಚ್ಚಿದರು.