ಹಳೆಯ ತಂತ್ರಜ್ಞಾನಕ್ಕೆ ಹೊಸ ಜೀವ ಕೊಟ್ಟ ಗುಂಪೈ ಯೊಕೊಯಿ

ಜಪಾನಿನ ವಿಡಿಯೊ ಗೇಮ್‌ಗಳನ್ನು ತರಿಸಿಕೊಂಡು ಸಂಗ್ರಹಿಸುವ ಹವ್ಯಾಸಿಗಳ ಕಪಾಟಿನಲ್ಲಿ ‘ವಂಡರ್‌ಸ್ವಾನ್’ ಎಂಬ ಪುಟ್ಟ ಯಂತ್ರಕ್ಕೆ ವಿಶೇಷ ಸ್ಥಾನವಿದೆ. 1999ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಅದು ಅಮೆರಿಕ ಮತ್ತು ಯುರೋಪಿನ ಮಾರುಕಟ್ಟೆಗೆ ಅಧಿಕೃತವಾಗಿ ಕಾಲಿಡಲೇ ಇಲ್ಲ. ಅದರ ಹಿಂದಿದ್ದ ಚಿಂತನೆ ಗುಂಪೈ ಯೊಕೊಯಿ ಅವರದು. ಯಂತ್ರ ಅಂಗಡಿ ತಲುಪುವ ವೇಳೆಗೆ ಅವರು ಬದುಕಿರಲಿಲ್ಲ.

ಯೊಕೊಯಿ ಜನಿಸಿದ್ದು 1941ರ ಸೆಪ್ಟೆಂಬರ್ 10ರಂದು, ಕ್ಯೋಟೊ ನಗರದಲ್ಲಿ. ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ವ್ಯಾಸಂಗ ಮುಗಿಸಿ 1965ರಲ್ಲಿ ನಿಂಟೆಂಡೊ ಸೇರಿದರು. ‘ಹನಾಫುಡ’ ಎಂಬ ಇಸ್ಪೀಟು ಎಲೆಗಳಿಗೆ ಹೆಸರಾಗಿದ್ದ ಸಂಸ್ಥೆಯದು. ಎಲೆ ತಯಾರಿಸುವ ಯಂತ್ರಗಳನ್ನು ಸುಸ್ಥಿತಿಯಲ್ಲಿಡುವುದು ಅವರ ಕೆಲಸ. ಬಿಡುವಿನಲ್ಲಿ ತಮ್ಮ ವಿನೋದಕ್ಕೆ ಮಾಡಿಕೊಂಡಿದ್ದ, ದೂರದ ವಸ್ತುವನ್ನು ಚಾಚಿ ಹಿಡಿಯುವ ಆಟಿಕೆಯೊಂದು ಅಧ್ಯಕ್ಷ ಹಿರೋಶಿ ಯಮಾಉಚಿ ಅವರ ಕಣ್ಣಿಗೆ ಬಿತ್ತು. ಅದನ್ನು ಮಾರಾಟದ ವಸ್ತುವಾಗಿಸುವ ಹೊಣೆ ಯುವಕನ ಹೆಗಲೇರಿತು. 1966ರಲ್ಲಿ ಬಂದ ‘ಅಲ್ಟ್ರಾ ಹ್ಯಾಂಡ್’ ಹತ್ತು ಲಕ್ಷಕ್ಕೂ ಅಧಿಕ ಸಂಖ್ಯೆಯಲ್ಲಿ ಮಾರಾಟವಾಯಿತು.

ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಯಾರೂ ಯೋಚಿಸದ ರೀತಿಯಲ್ಲಿ ಬಳಸಬೇಕೆಂಬುದು ಅವರ ತತ್ವ. ರೈಲಿನಲ್ಲಿ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಿದ್ದ ಪ್ರಯಾಣಿಕನನ್ನು ಕಂಡಾಗ ಅವರಿಗೆ ಹೊಳೆದದ್ದೇ 1980ರ ‘ಗೇಮ್ ಅಂಡ್ ವಾಚ್’. ಕ್ಯಾಲ್ಕುಲೇಟರಿನಂಥದ್ದೇ ಪರದೆಯ ಆ ಆಟಗಳು ನಾಲ್ಕು ಕೋಟಿಗೂ ಮಿಕ್ಕಿ ಖರ್ಚಾದವು. 1982ರ ‘ಡಾಂಕಿ ಕಾಂಗ್’ ಆವೃತ್ತಿಗೆ ಅವರು ಅಳವಡಿಸಿದ ಕೂಡುಚಿಹ್ನೆಯಾಕಾರದ ಗುಂಡಿ ಮುಂದೆ ವಿಡಿಯೊ ಗೇಮ್ ಯಂತ್ರಗಳ ಸಾಮಾನ್ಯ ಅಂಗವಾಯಿತು.

1989ರಲ್ಲಿ ಅವರ ತಂಡ ‘ಗೇಮ್ ಬಾಯ್’ ರೂಪಿಸಿತು. ಪೈಪೋಟಿಗಿಳಿದ ಯಂತ್ರಗಳಲ್ಲಿ ಬಣ್ಣದ ಪರದೆಯಿತ್ತು. ಆದರೆ ಅವು ಕೆಲವೇ ಗಂಟೆಗಳಲ್ಲಿ ಬ್ಯಾಟರಿ ಬರಿದುಮಾಡುತ್ತಿದ್ದವು. ಬಣ್ಣವಿಲ್ಲದ ಗೇಮ್ ಬಾಯ್ ನಾಲ್ಕು ಸಣ್ಣ ಬ್ಯಾಟರಿಗಳಲ್ಲಿ ಬಹುಕಾಲ ನಡೆಯುತ್ತಿತ್ತು, ಬೆಲೆಯೂ ಕಡಿಮೆ. ಅದಕ್ಕೆ ದೇಶವಾರು ನಿರ್ಬಂಧವೂ ಇರಲಿಲ್ಲ. ಜಪಾನಿನಲ್ಲಿ ಕೊಂಡ ಕಾರ್ಟ್ರಿಜ್ ಯಾವ ದೇಶದ ಗೇಮ್ ಬಾಯ್‌ನಲ್ಲಾದರೂ ಆಡಬಲ್ಲದು. ಆಮದು ಆಟಗಳ ಸಂಗ್ರಾಹಕರಿಗೆ ಇದು ದೊಡ್ಡ ಅನುಕೂಲವಾಯಿತು.

ಯಶಸ್ಸಿನ ಬೆನ್ನಿಗೇ ಸೋಲೂ ಬಂತು. 1995ರ ‘ವರ್ಚುವಲ್ ಬಾಯ್’ ಕಪ್ಪು ಹಿನ್ನೆಲೆಯಲ್ಲಿ ಕೆಂಪು ಬಣ್ಣದ ಚಿತ್ರಗಳನ್ನಷ್ಟೇ ತೋರುತ್ತಿತ್ತು. ಕಣ್ಣುನೋವು, ತಲೆನೋವಿನ ದೂರುಗಳು ಬಂದವು. ವರ್ಷ ತುಂಬುವಷ್ಟರಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಅಂದು ಯಾರಿಗೂ ಬೇಡವಾದ ಆ ಯಂತ್ರವನ್ನು, ಅದರ ಕೇವಲ 22 ಆಟಗಳನ್ನು ಸಂಗ್ರಾಹಕರು ಮುಂದೆ ಹುಡುಕಿ ಕೊಳ್ಳತೊಡಗಿದರು.

1996ರಲ್ಲಿ ನಿಂಟೆಂಡೊ ತೊರೆದ ಯೊಕೊಯಿ ‘ಕೊಟೊ’ ಎಂಬ ಸ್ವಂತ ಸಂಸ್ಥೆ ಕಟ್ಟಿ, ಬಂಡಾಯ್ ಕಂಪೆನಿಗಾಗಿ ವಂಡರ್‌ಸ್ವಾನ್ ಕಾರ್ಯದಲ್ಲಿ ತೊಡಗಿದರು. 1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೆದ್ದಾರಿಯಲ್ಲಿ ಅವರಿದ್ದ ಕಾರು ಅಪಘಾತಕ್ಕೀಡಾಯಿತು. ಹಾನಿ ನೋಡಲು ಕೆಳಗಿಳಿದಾಗ ಮತ್ತೊಂದು ವಾಹನ ಡಿಕ್ಕಿ ಹೊಡೆಯಿತು. ಆಗ ಅವರ ವಯಸ್ಸು 56.

ವಂಡರ್‌ಸ್ವಾನ್ ಒಂದೇ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಮೊದಲ ಮಾದರಿಗೆ ಬಣ್ಣವಿರಲಿಲ್ಲ, ಬೆಲೆ 4,800 ಯೆನ್. ಹಳೆಯ ತತ್ವವೇ ಅಲ್ಲಿ ಮತ್ತೆ ಮೈದಾಳಿತ್ತು. ಅದರೊಂದಿಗೆ ಬಿಡುಗಡೆಯಾದ, ಗೆರೆಗಳನ್ನು ಜೋಡಿಸುವ ಆಟಕ್ಕೆ ಅವರ ನೆನಪಿನಲ್ಲಿ ‘ಗುಂಪೈ’ ಎಂದೇ ಹೆಸರಿಡಲಾಯಿತು.