ಆಟ ಕಟ್ಟಿದ ಅರಸ: ಮುಮ್ಮಡಿ ಕೃಷ್ಣರಾಜ ಒಡೆಯರು

ಕಿತ್ತೂರು ರಾಣಿ ಚೆನ್ನಮ್ಮ 1829ರಲ್ಲಿ ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡರು. ಅದಾದ ಎರಡೇ ವರ್ಷಕ್ಕೆ ಮೈಸೂರಿನ ಅರಸರ ಆಡಳಿತವನ್ನೂ ಕಂಪನಿ ಸರ್ಕಾರ ಕಿತ್ತುಕೊಂಡಿತು. ಆ ಅರಸರೇ ಮುಮ್ಮಡಿ ಕೃಷ್ಣರಾಜ ಒಡೆಯರು. ಚೆನ್ನಮ್ಮನ ಕಥೆ ನಮಗೆಲ್ಲ ಗೊತ್ತು. ಮುಮ್ಮಡಿಯವರ ಬಗ್ಗೆ ನಾನು ಬರೆಯುವುದಕ್ಕೆ ಕಾರಣ ಬೇರೆ: ಅವರು ಹೊಸ ಹೊಸ ಆಟಗಳನ್ನು ರಚಿಸಿದವರು. ದಿನವೂ ಮೊಬೈಲಿನಲ್ಲಿ ಗೇಮ್ ಆಡುವ ನಾವು ಅವರಿಂದ ಕಲಿಯಬೇಕಾದದ್ದಿದೆ.

ಅವರು ಹುಟ್ಟಿದ್ದು 1794ರಲ್ಲಿ. 1799ರ ಮೇ 4ರಂದು ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದ ಮೇಲೆ, ಐದು ವರ್ಷವೂ ತುಂಬದ ಈ ಮಗುವನ್ನು ಬ್ರಿಟಿಷರು ಸಿಂಹಾಸನದ ಮೇಲೆ ಕೂರಿಸಿದರು. ದಿವಾನ್ ಪೂರ್ಣಯ್ಯ ರಾಜ್ಯ ನಡೆಸಿದರು. ಬೆಳೆದ ಮೇಲೆ ಅರಸರು ತಾವೇ ಆಳಿದರು. ನಗರದ ರೈತರು ದಂಗೆ ಎದ್ದಾಗ ಅದನ್ನೇ ಮುಂದಿಟ್ಟುಕೊಂಡು ಬ್ರಿಟಿಷರು 1831ರಲ್ಲಿ ಅವರ ಅಧಿಕಾರ ಕಸಿದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ಮರಳಿ ಸಿಗಲಿಲ್ಲ.

ಆದರೆ ಅವರು ಸುಮ್ಮನೆ ಕೂರಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆದರು. 'ಶ್ರೀತತ್ತ್ವನಿಧಿ' ಎಂಬ ಒಂಬತ್ತು ಭಾಗಗಳ ಸಚಿತ್ರ ಗ್ರಂಥ ಸಿದ್ಧಪಡಿಸಿದರು. ಅದರ 'ಕೌತುಕನಿಧಿ' ಎಂಬ ಭಾಗದಲ್ಲಿ ಆಟಗಳ ವಿಷಯವಿದೆ.

ಅವುಗಳಲ್ಲಿ ಒಂದು ಗಂಜೀಫಾ, ಅಂದರೆ ಕೈಯಲ್ಲಿ ಬಣ್ಣ ಬರೆದ ದುಂಡನೆಯ ಎಲೆಗಳ ಆಟ. ಮೊಗಲರ ಗಂಜೀಫಾದಲ್ಲಿ ಎಂಟು ಬಣ್ಣ, ಒಂದೊಂದಕ್ಕೆ 12 ಎಲೆ, ಒಟ್ಟು 96. ಬಾಬರ್ 1527ರಲ್ಲಿ ಸಿಂಧ್‌ನ ಗೆಳೆಯನಿಗೆ ಈ ಎಲೆಗಳನ್ನು ಕಳಿಸಿದ್ದು ಅವನ ಆತ್ಮಕಥೆಯಲ್ಲಿದೆ. ಮುಮ್ಮಡಿಯವರು ಇದನ್ನು ಹಿಗ್ಗಿಸಿದರು. ಒಂದೊಂದು ಬಣ್ಣಕ್ಕೆ 18 ಎಲೆ ಮಾಡಿದರು, ತುರುಪು ಸೇರಿಸಿದರು. ಕೆಲವು ಕಟ್ಟುಗಳಲ್ಲಿ 360 ಎಲೆಗಳಿದ್ದವು! ಗಂಜೀಫಾದಲ್ಲಿ ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂದು ನೆನಪಿಡಬೇಕು. ಎಲೆ ಹೆಚ್ಚಿದಂತೆ ನೆನಪಿನ ಭಾರವೂ ಹೆಚ್ಚುತ್ತದೆ. ಹಾಗಾಗಿ ಬಿಡುವಿದ್ದವರಿಗೆ, ಪಳಗಿದವರಿಗೆ ಮಾತ್ರ ಅದು ಒಗ್ಗುವ ಆಟವಾಯಿತು, ಜನರ ನಡುವೆ ಹರಡಲಿಲ್ಲ.

ಇದಕ್ಕೆ ನಮ್ಮ ಚೌಕಾಬಾರವನ್ನು ಹೋಲಿಸಿ ನೋಡಿ. ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಯ ಪಡಸಾಲೆಯಲ್ಲಿ ಸುಣ್ಣದ ಕಡ್ಡಿಯಿಂದ 25 ಮನೆ ಬರೆದು, ನಾಲ್ಕು ಕವಡೆ ಹಿಡಿದರೆ ಆಟ ಸಿದ್ಧ. ಕವಡೆ ಹೇಗೆ ಬೀಳುತ್ತದೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಅಜ್ಜಿಯನ್ನು ಮೊಮ್ಮಗಳು ಸೋಲಿಸಬಹುದು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ನಿಯಮವಿರುವುದರಿಂದ ಯಾರೂ ಬದಿಯಲ್ಲಿ ತಣ್ಣಗೆ ಕೂರಲಾಗದು, ಜಗಳ, ನಗು ಎಲ್ಲ ಅಲ್ಲಿಂದಲೇ. ಹೀಗೆ ಆಟಕ್ಕೆ ಯಾರು ಕೂರುತ್ತಾರೆ, ಕೂತವರಿಗೆ ಏನು ಅನ್ನಿಸುತ್ತದೆ ಎಂಬುದನ್ನು ನಿಯಮ ಬರೆದವರು ಮೊದಲೇ ತೀರ್ಮಾನಿಸಿರುತ್ತಾರೆ.

ನನಗೆ ಹೆಚ್ಚು ಹಿಡಿಸಿದ್ದು ಮುಮ್ಮಡಿಯವರ ಕುದುರೆಯಾಟ. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸಬೇಕು. 9ನೆಯ ಶತಮಾನದಲ್ಲಿ ಅಬ್ಬಾಸಿ ಖಲೀಫರ ಕಾಲದ ಚದುರಂಗ ಪಂಡಿತ ಅಲ್-ಅದ್ಲಿ ಇದನ್ನು ಬಿಡಿಸಿದ್ದರು. ಮುಮ್ಮಡಿಯವರು ಅನೇಕ ಹೊಸ ದಾರಿಗಳನ್ನು ಹುಡುಕಿದರು. ಮನೆಗೊಂದು ಅಕ್ಷರ ಬರೆದು, ಕುದುರೆ ನಡೆದಂತೆ ಓದಿದರೆ ಶ್ಲೋಕವಾಗುವಂತೆಯೂ ಹೊಂದಿಸಿದರು. ಇಲ್ಲಿ ಎದುರಾಳಿ ಇಲ್ಲ, ಅದೃಷ್ಟವಿಲ್ಲ. 64ನೆಯ ಮನೆಗೆ ಬಂದರೆ ಆಟ ಮುಗಿಯಿತು. ರಾಜ್ಯದ ನಿಯಮಗಳನ್ನು ಬೇರೆಯವರು ಬರೆಯುತ್ತಿದ್ದಾಗ, ತಾವೇ ನಿಯಮ ಬರೆಯಬಹುದಾದ ಒಂದು ಹಾಸು ಅವರಿಗೆ ಉಳಿದಿತ್ತು ಎಂದು ನನಗನ್ನಿಸುತ್ತದೆ.

ನಮ್ಮ ಕೈಯಲ್ಲಿರುವ ಅನೇಕ ಗೇಮ್‌ಗಳಿಗೆ ಆ 64ನೆಯ ಮನೆಯೇ ಇಲ್ಲ. ಒಂದು ಹಂತ ಮುಗಿದ ಕೂಡಲೇ ಇನ್ನೊಂದು ತೆರೆಯುತ್ತದೆ. ಒಂದು ದಿನ ಬಿಟ್ಟರೆ ಬಹುಮಾನ ಕೈತಪ್ಪುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯೂ ಫೋನ್ ಬಿಡಲಾಗದಿದ್ದರೆ ನಾವು ನಮ್ಮ ಮನಸ್ಸು ದುರ್ಬಲ ಎಂದುಕೊಳ್ಳುತ್ತೇವೆ. ನಾವು ಬಿಡದಂತೆ ಆಟವನ್ನು ಯಾರೋ ಕುಳಿತು ಕಟ್ಟಿದ್ದಾರೆ ಎಂಬುದು ನೆನಪಾಗುವುದಿಲ್ಲ. ಅದು ತಿಳಿದರೆ ಬಿಡುವುದೂ ಸುಲಭವಾದೀತು.

ಗೆಳೆಯರೇ, ಈ ವಾರ ನೋಟ್‌ಬುಕ್ಕಿನಲ್ಲಿ 64 ಮನೆ ಬರೆದು, ಒಂದು ಮೂಲೆಯಿಂದ ಕುದುರೆ ಹೊರಡಿಸಿ ನೋಡಿ. ಪೆನ್ಸಿಲ್ ಮತ್ತು ರಬ್ಬರ್ ಸಾಕು, ಚಾರ್ಜರ್ ಬೇಡ.