ಮಾರುತ ಕಟ್ಟಿದ ಕರ್ಟ್ ಟ್ಯಾಂಕ್

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಚೂಪು ಮೂಗಿನ ಒಂದು ಯುದ್ಧವಿಮಾನ ನಿಂತಿದೆ. ಅದೇ ಎಚ್‌ಎಫ್-24 ಮಾರುತ. ನಮ್ಮ ಸರ್ಜಾಪುರಕ್ಕೆ ಇಷ್ಟು ಹತ್ತಿರದಲ್ಲಿ ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಜರ್ಮನಿಯ ಕರ್ಟ್ ಟ್ಯಾಂಕ್.

ಅವರು ಹುಟ್ಟಿದ್ದು 1898ರ ಫೆಬ್ರವರಿ 24ರಂದು, ಬ್ರೋಂಬರ್ಗ್‌ನಲ್ಲಿ. ಆ ಊರು ಈಗ ಪೋಲೆಂಡಿಗೆ ಸೇರಿದೆ. ಮೊದಲ ಮಹಾಯುದ್ಧದಲ್ಲಿ ಕುದುರೆ ದಂಡಿನಲ್ಲಿದ್ದರು. ಯುದ್ಧ ಮುಗಿದ ಮೇಲೆ ಬರ್ಲಿನ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು.

ಆ ಕಾಲದ ವಿಮಾನಗಳೆಂದರೆ ಮರದ ಚೌಕಟ್ಟು, ಮೇಲೆ ಬಿಗಿದ ಬಟ್ಟೆ. ಮಗ್ಗದ ಊರಿನವರಾದ ನಮಗೆ ಬಟ್ಟೆಯ ಗುಣ ಗೊತ್ತು. ಮಳೆ, ಬಿಸಿಲಿಗೆ ಅದು ಎಷ್ಟು ದಿನ ತಡೆದೀತು? 1915ರಲ್ಲಿ ಹ್ಯೂಗೋ ಜಂಕರ್ಸ್ ಪೂರ್ತಿ ಲೋಹದ ವಿಮಾನ ಹಾರಿಸಿ ತೋರಿಸಿದರು. ಮೊದಲು ಭಾರದ ಉಕ್ಕು. ಆಮೇಲೆ ಅಲ್ಯೂಮಿನಿಯಮ್‌ಗೆ ಸ್ವಲ್ಪ ತಾಮ್ರ ಬೆರೆಸಿದ, ಹಗುರವೂ ಗಟ್ಟಿಯೂ ಆದ ಡ್ಯುರಾಲ್ಯುಮಿನ್ ಬಂತು. ಜಂಕರ್ಸ್ ವಿಮಾನದ ಹೊದಿಕೆ ಚಾವಣಿ ಶೀಟಿನಂತೆ ಅಲೆಅಲೆಯಾಗಿತ್ತು. ಅಡಾಲ್ಫ್ ರೋರ್‌ಬಾಖ್ ಅದನ್ನು ನುಣುಪಾಗಿಸಿ, ಹೊದಿಕೆಯೇ ಭಾರ ಹೊರುವಂತೆ ಮಾಡಿದರು. 1924ರಲ್ಲಿ ಟ್ಯಾಂಕ್ ಕೆಲಸಕ್ಕೆ ಸೇರಿದ್ದು ಈ ರೋರ್‌ಬಾಖ್ ಕಂಪನಿಗೇ. ವಿಮಾನ ನಡೆಸುವುದನ್ನೂ ಕಲಿತರು.

1931ರಲ್ಲಿ ಫೋಕ್-ವುಲ್ಫ್ ಕಂಪನಿಗೆ ಬಂದರು. ಅವರ ಕಾಂಡೋರ್ ವಿಮಾನ 1938ರಲ್ಲಿ ಬರ್ಲಿನ್‌ನಿಂದ ನ್ಯೂಯಾರ್ಕ್‌ಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಯಲ್ಲಿ ತಲುಪಿತು. 1939ರಲ್ಲಿ ಮೊದಲು ಹಾರಿದ ಎಫ್‌ಡಬ್ಲ್ಯೂ-190 ಅವರ ಹೆಸರಾಂತ ಯುದ್ಧವಿಮಾನ. ಓಟದ ಕುದುರೆಗಿಂತ, ಕೆಸರಲ್ಲೂ ನಡೆಯುವ ದಂಡಿನ ಕುದುರೆ ಬೇಕೆಂಬುದು ಅವರ ಲೆಕ್ಕ. ಆದರೆ ಅದು ದುಡಿದದ್ದು ಹಿಟ್ಲರನ ವಾಯುಪಡೆಗೆ. ಆ ಕಾಲದ ಜರ್ಮನ್ ವಿಮಾನ ಕಾರ್ಖಾನೆಗಳಲ್ಲಿ ಸೆರೆಯಾಳುಗಳನ್ನೂ ಬಲವಂತದಿಂದ ದುಡಿಸಲಾಯಿತು. ಅವರ ಜಾಣ್ಮೆಯನ್ನು ಹೊಗಳುವಾಗ ಇದನ್ನು ಮರೆಯಬಾರದು.

ಸೋತ ಜರ್ಮನಿಯಲ್ಲಿ ವಿಮಾನ ಕಟ್ಟುವಂತಿರಲಿಲ್ಲ. ಟ್ಯಾಂಕ್ ಅರ್ಜೆಂಟೀನಾಕ್ಕೆ ಹೋಗಿ ಜೆಟ್ ವಿಮಾನ ಮಾಡಿದರು. ಅಲ್ಲಿ ಪೆರೋನ್ ಸರ್ಕಾರ ಬಿದ್ದ ಮೇಲೆ, 1956ರಲ್ಲಿ ತಮ್ಮ ಕೆಲವು ಎಂಜಿನಿಯರುಗಳೊಂದಿಗೆ ಬೆಂಗಳೂರಿಗೆ ಬಂದರು. ಎಚ್‌ಎಎಲ್ ಆಗ ಬರಿಗೈಯಲ್ಲಿರಲಿಲ್ಲ. ಜರ್ಮನಿಯ ಗಟಿಂಗನ್‌ನಲ್ಲಿ ಓದಿ ಬಂದ ವಿ. ಎಂ. ಘಾಟಗೆ ಅವರ ಎಚ್‌ಟಿ-2 ಎಂಬ ಪೂರ್ತಿ ಲೋಹದ ತರಬೇತಿ ವಿಮಾನ 1951ರಲ್ಲೇ ಹಾರಿತ್ತು.

ಮಾರುತಕ್ಕೆ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ 1959ರಲ್ಲಿ ಪರೀಕ್ಷಿಸಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತವನ್ನು ಹಾರಿಸಿದರು. ಶಬ್ದದ ಎರಡರಷ್ಟು ವೇಗ ಗುರಿಯಾಗಿತ್ತು. ಆದರೆ ಅದಕ್ಕೆಂದು ನೆಚ್ಚಿಕೊಂಡಿದ್ದ ಬ್ರಿಟಿಷ್ ಎಂಜಿನ್ ತಯಾರಾಗಲೇ ಇಲ್ಲ. ಕಡಿಮೆ ಬಲದ ಎರಡು ಆರ್ಫಿಯಸ್ ಎಂಜಿನ್‌ಗಳಲ್ಲೇ ತೃಪ್ತಿಪಡಬೇಕಾಯಿತು. ಗಾಡಿ ಗಟ್ಟಿಯಾಗಿತ್ತು, ಎತ್ತಿಗೆ ಕಸುವು ಸಾಲಲಿಲ್ಲ.

ಟ್ಯಾಂಕ್ 1967ರಲ್ಲಿ ಭಾರತ ಬಿಟ್ಟರು. ಹೆಚ್ಚು ಬಲದ ಎಂಜಿನ್ ಹಾಕಿದ ಮಾರುತವನ್ನು ಪರೀಕ್ಷಿಸುವಾಗ, 1970ರ ಜನವರಿ 10ರಂದು ದಾಸ್ ಪ್ರಾಣ ಕಳೆದುಕೊಂಡರು. ಎಚ್‌ಎಎಲ್ ಬಳಿಯ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದೇ. ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿ ಕಾದಿದವು. ಟ್ಯಾಂಕ್ 1983ರ ಜೂನ್ 5ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು.

ಗುರುವನ್ನು ಹೊರಗಿನಿಂದ ಕರೆಸಬಹುದು, ಕೆಲಸ ಕಲಿಯಬಹುದು. ಆದರೆ ಮುಖ್ಯವಾದ ಭಾಗಕ್ಕೆ ಪರರ ಕೈ ನೋಡುವವರೆಗೆ ಕಲಿತ ವಿದ್ಯೆ ಅರ್ಧದಾರಿಯಲ್ಲೇ ನಿಲ್ಲುತ್ತದೆ. ನಮ್ಮ ದೇಶಕ್ಕೆ ಯುದ್ಧವಿಮಾನದ ಜೆಟ್ ಎಂಜಿನ್ ಇಂದಿಗೂ ಪೂರ್ತಿ ಕೈಗೂಡಿಲ್ಲ. ನಮ್ಮ ಶಾಲೆಯ ವಿದ್ಯಾರ್ಥಿಗಳೇ, ಆ ಕೆಲಸ ನಿಮಗಾಗಿ ಕಾದಿದೆ.